ನಾಲ್ಕೈದು ದಿನಕ್ಕೆ ಜಪಾನ್: ರೈಲು ಪಾಸ್ ಬೇಕಾ?

ಬಳ್ಳಾರಿ_ಕೋಟೆ: ಮಾರ್ಚ್ ಕೊನೆಗೆ ಜಪಾನ್‌ಗೆ ಹೊರಟಿದ್ದೇನೆ, ಮೊದಲ ಸಲ. ರಜೆ ನಾಲ್ಕೈದು ದಿನ ಅಷ್ಟೇ. ಹಂಪಿ ಎಕ್ಸ್‌ಪ್ರೆಸ್‌ನಲ್ಲಿ ಬೆಂಗಳೂರು, ಅಲ್ಲಿಂದ ವಿಮಾನ. ಟೋಕಿಯೊ, ಕ್ಯೋಟೊ, ಹಿರೋಶಿಮಾ ಮೂರೂ ಆಗುತ್ತದಾ? ಬುಲೆಟ್ ರೈಲಂತೂ ಹತ್ತಲೇಬೇಕು. ಜಪಾನಿನ ರೈಲುಗಳಲ್ಲಿ ಓಡಾಡಲು ಕೊಡುವ ಏಳು ದಿನದ ಜೆಆರ್ ಪಾಸ್ ತಗೊಳ್ಳಲಾ?

ರಾಯಚೂರು_ಜಂಕ್ಷನ್: ಪಾಸ್ ಸುಮ್ನೆ ದಂಡ. 2023ರ ಅಕ್ಟೋಬರ್‌ನಲ್ಲಿ ಅದರ ಬೆಲೆ 29,650 ಯೆನ್‌ನಿಂದ 50,000ಕ್ಕೆ ಏರಿತು. ಟೋಕಿಯೊದಿಂದ ಕ್ಯೋಟೊಗೆ ಒಂದು ಕಡೆಯ ಟಿಕೆಟ್ ಸುಮಾರು 14,000 ಯೆನ್, ನೊಝೊಮಿ ಎಂಬ ಅತಿ ವೇಗದ ಬುಲೆಟ್ ರೈಲಿನಲ್ಲಿ ಎರಡೂಕಾಲು ಗಂಟೆ, ಅದೂ ಪಾಸ್ ಇದ್ದರೂ ನೊಝೊಮಿಗೆ ಮೇಲೆ ದುಡ್ಡು ಕೊಡಬೇಕು. ಟೋಕಿಯೊದಲ್ಲಿ ಇಳಿದು, ಕ್ಯೋಟೊ ನೋಡಿ, ಒಸಾಕಾ ಹತ್ತಿರದ ಕನ್ಸಾಯ್ ವಿಮಾನ ನಿಲ್ದಾಣದಿಂದ ವಾಪಸ್ ಬನ್ನಿ. ಕ್ಯೋಟೊದಿಂದ ಅಲ್ಲಿಗೆ ಹರುಕಾ ಎಂಬ ರೈಲು ನೇರ ಇದೆ. ಹಿರೋಶಿಮಾ ಬಿಡಿ, ನನ್ನ ಮಾತು ಕೇಳಿ.

ಗಂಗಾವತಿ_ಅಕ್ಕ: ಬಿಡಿ ಅನ್ನುವುದು ಸುಲಭ! ಆದರೂ ಸರಿಯೇ. ಟೋಕಿಯೊದಿಂದ ಹೋಗುವಾಗ ಇ ಸೀಟು ಕೇಳಿ, ಬಲಗಡೆ ಕಿಟಕಿ, ಮೋಡ ಇಲ್ಲದಿದ್ದರೆ ಫ್ಯೂಜಿ ಪರ್ವತ ಕಾಣುತ್ತದೆ. ಸೂಟ್‌ಕೇಸಿನ ಉದ್ದ, ಅಗಲ, ಎತ್ತರ ಕೂಡಿಸಿ 160 ಸೆಂ.ಮೀ. ದಾಟಿದರೆ ಅದಕ್ಕೆಂದೇ ಇರುವ ಸೀಟು ಮೊದಲೇ ಬುಕ್ ಮಾಡಬೇಕು. ಮಾರ್ಚ್ ಕೊನೆ ಅಂದರೆ ಚೆರ್ರಿ ಹೂವಿನ ಕಾಲ, ಕ್ಯೋಟೊದಲ್ಲಿ ರೂಮು ತುಟ್ಟಿ, ಇವತ್ತೇ ನೋಡಿ. ಸಸ್ಯಾಹಾರಿಗಳಾ? ತರಕಾರಿ ಸೂಪಿನಲ್ಲೂ ಮೀನಿನ ಸಾರ ಇರುತ್ತದೆ.

ಬಳ್ಳಾರಿ_ಕೋಟೆ: ಹೌದು, ಸಸ್ಯಾಹಾರಿ. ಖಡಕ್ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಳ್ಳುತ್ತೇನೆ. ಊರೊಳಗಿನ ಮೆಟ್ರೊಗೆ ಏನು ಮಾಡಲಿ?

ರಾಯಚೂರು_ಜಂಕ್ಷನ್: ಸುಯಿಕಾ ಕಾರ್ಡ್, ಮೊದಲೇ ದುಡ್ಡು ತುಂಬಿಸಿಟ್ಟುಕೊಳ್ಳುವುದು. ಕ್ಯೋಟೊ, ಒಸಾಕಾದಲ್ಲೂ ನಡೆಯುತ್ತದೆ.