ಸಹಾಯ ಬೇಕು: ಅಕ್ವೇರಿಯಂ ಮುಚ್ಚಳದೊಳಗೆ ಹನಿ ಕಟ್ಟುತ್ತಿದೆ, ಫ್ಯಾನ್ ಯಾವ ದಿಕ್ಕಿಗೆ ಕೂರಿಸಲಿ?

ಎಲ್ಲರಿಗೂ ನಮಸ್ಕಾರ. ಮೂರು ಅಡಿ ಟ್ಯಾಂಕ್ (36×15×18 ಇಂಚು), ಪ್ಲೈವುಡ್ ಮುಚ್ಚಳ. ಹೀಟರ್ 27 ಡಿಗ್ರಿಗೆ ಇದೆ. ರಾತ್ರಿ ಕೋಣೆ 20ಕ್ಕೆ ಇಳಿದರೆ ಬೆಳಿಗ್ಗೆ ಮುಚ್ಚಳದ ಒಳಮೈಯೆಲ್ಲ ಹನಿ. ಎಲ್‌ಇಡಿ ಪಟ್ಟಿಯ ಬೆಸುಗೆ ಹಸಿರುಗಟ್ಟಿದೆ, ಪ್ಲೈ ಅಂಚು ಉಬ್ಬಿ ಪದರ ಬಿಡುತ್ತಿದೆ.

ಎಲ್‌ಇಡಿಗೆ ಕರೆಂಟ್ ಕೊಡುವ ಡ್ರೈವರ್ ಡಬ್ಬಿಯನ್ನು ಮುಚ್ಚಳದಿಂದ ಹೊರಗೆ ತಂದಾಯಿತು. ಹನಿ ಸಾಕೆಟ್ಟಿಗೆ ಹರಿಯದಂತೆ ವೈರನ್ನು ಪ್ಲಗ್ಗಿಗಿಂತ ಕೆಳಗೆ ಜೋತುಬಿಟ್ಟಿದ್ದೇನೆ. ನೀರಿನ ಮೇಲೆ 4 ಎಂಎಂ ಗಾಜು ಮುಚ್ಚಿದರೆ ಹನಿ ಕಡಿಮೆಯಾಗುತ್ತದೆ ನಿಜ, ಆದರೆ ಗಾಜಿನ ಮೇಲೆ ಸುಣ್ಣದ ಕಲೆ ಕೂತು ಗಿಡಗಳಿಗೆ ಬೆಳಕು ಸಾಲದು.

ಈಗ 80 ಎಂಎಂ, 12 ವೋಲ್ಟ್ ಕಂಪ್ಯೂಟರ್ ಫ್ಯಾನ್ ಹಾಕುವ ಯೋಚನೆ. ಹೊರಗೆಳೆಯುವಂತೆ ಕೂರಿಸಿದರೆ ತೇವದ ಗಾಳಿ ಮೋಟಾರಿನ ಮೇಲೇ ಹಾಯುತ್ತದೆ. ಒಳಗೆ ಊದಿಸಿದರೆ ಫ್ಯಾನ್ ಒಣಗಿರುತ್ತದೆ, ಆದರೆ ನೇರ ಗಾಳಿಗೆ ನೀರು ಬೇಗ ಆವಿಯಾಗಿ ತಣ್ಣಗಾಗುತ್ತದೆ. ಟ್ಯಾಂಕಿನಲ್ಲಿ ಗೌರಾಮಿಗಳಿವೆ, ಮೇಲೆ ಬಂದು ಗಾಳಿ ನುಂಗುವ ಮೀನು, ಅವಕ್ಕೆ ನೀರಿನ ಮೇಲಿನ ಗಾಳಿ ಬೆಚ್ಚಗೇ ಇರಬೇಕು. ನನಗೆ ಮುಖ್ಯ ಚಿಂತೆ ಇದೇ.

ಬಲ್ಲವರು ತಿಳಿಸಿ: ಯಾವ ದಿಕ್ಕು ಸರಿ? 7 ವೋಲ್ಟಿನಲ್ಲಿ ನಿಧಾನ ಓಡಿಸಿದರೆ ಸಾಕೇ? ಗಾಳಿ ಬರುವ ತೂತು ಎದುರು ತುದಿಯಲ್ಲಿ ಎಷ್ಟು ದೊಡ್ಡದಿರಬೇಕು? ಪ್ಲೈಗೆ, ಮುಖ್ಯವಾಗಿ ಕತ್ತರಿಸಿದ ಅಂಚಿಗೆ, ನೀರು ಹೀರದಂತೆ ಎಪಾಕ್ಸಿ (ಗಟ್ಟಿಯಾಗುವ ರಾಳದ ಲೇಪ) ಎಷ್ಟು ಕೋಟು ಬಳಿಯಬೇಕು?