ಅಂಡಮಾನ್‌ನಲ್ಲಿ ಓಡಾಟವಿಲ್ಲದ ರಜೆ: ಹೋಗಿ ಬಂದವರು ಹೇಳಿ

ಪ್ರಶ್ನೆ: ಫೆಬ್ರುವರಿಯಲ್ಲಿ ಅಪ್ಪ, ಅಮ್ಮನನ್ನು ಕರೆದುಕೊಂಡು ಆರು ದಿನಕ್ಕೆ ಅಂಡಮಾನ್‌ಗೆ ಹೊರಟಿದ್ದೇವೆ. ಏಜೆಂಟರು ಕೊಟ್ಟ ಪಟ್ಟಿಯಲ್ಲಿ ದಿನಕ್ಕೆ ಮೂರು ಜಾಗ, ಜೊತೆಗೆ ಬಾರಾಟಾಂಗ್ ದ್ವೀಪ. ಅಮ್ಮನಿಗೆ ಮಂಡಿನೋವು. ಸಮುದ್ರ ನೋಡುತ್ತಾ ಸುಮ್ಮನೆ ಕುಳಿತಿರಬೇಕು ಎಂಬುದಷ್ಟೇ ಆಸೆ.

ಶಿವಮೊಗ್ಗದಿಂದ: ಮೊದಲು ಬಾರಾಟಾಂಗ್‌ ಹೆಸರನ್ನು ಹೊಡೆದುಹಾಕಿ. ನಡುರಾತ್ರಿ ಕಳೆಯುತ್ತಲೇ ಎದ್ದು, ಜಾರವಾ ಆದಿವಾಸಿಗಳ ಮೀಸಲು ಕಾಡಿನ ಮೂಲಕ ಸಾಲುಗಟ್ಟಿ ಹೋಗುವ ವಾಹನಗಳ ಹಿಂದೆ ಹೋಗಿ, ದೋಣಿ ಹತ್ತಿ, ಸುಣ್ಣಕಲ್ಲಿನ ಗುಹೆಗೆ ನಡೆಯಬೇಕು. ಮಂಡಿನೋವಿನವರಿಗೆ ಅದು ರಜೆಯಲ್ಲ, ಶಿಕ್ಷೆ. ಉಳಿದ ದಿನಗಳನ್ನು ನೀಲ್ ದ್ವೀಪಕ್ಕೆ ಕೊಡಿ. 2018ರಿಂದ ಅದರ ಹೆಸರು ಶಹೀದ್ ದ್ವೀಪ. ಆಟೋದವರು ಈಗಲೂ ನೀಲ್ ಎಂದೇ ಕರೆಯುತ್ತಾರೆ. ಪುಟ್ಟ ದ್ವೀಪ, ಒಂದು ತುದಿಯಿಂದ ಇನ್ನೊಂದಕ್ಕೆ ಆಟೋದಲ್ಲಿ ಸ್ವಲ್ಪವೇ ಹೊತ್ತು.

ಅಲ್ಲಿ ದಿನ ನಡೆಯುವುದು ಸಮುದ್ರದ ಲೆಕ್ಕದಲ್ಲಿ. ಭರತ್‌ಪುರ ಕಡಲತೀರದಲ್ಲಿ ಇಳಿತದ ಹೊತ್ತಿಗೆ ನೀರು ಬಹುದೂರ ಹಿಂದೆ ಸರಿದು, ಹವಳದ ಚೂರುಗಳು, ಕುಳಿಗಳಲ್ಲಿ ಸಿಕ್ಕಿಬಿದ್ದ ಪುಟ್ಟ ಮೀನುಗಳು, ಶಂಖ ಹೊತ್ತು ಅಡ್ಡಾದಿಡ್ಡಿ ಓಡುವ ಏಡಿಗಳು ಕಾಣುತ್ತವೆ. ಈಜಲು ಬಂದವರು ಪೆಚ್ಚುಮೋರೆ ಹಾಕಿಕೊಳ್ಳುತ್ತಾರೆ, ಕುಳಿತು ನೋಡುವವರಿಗೆ ಹಬ್ಬ. ಇಳಿತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ. ಹೋಟೆಲಿನವರನ್ನು ಬೆಳಿಗ್ಗೆಯೇ ಕೇಳಿ. ರಬ್ಬರ್ ಚಪ್ಪಲಿ ಬೇಕೇ ಬೇಕು. ಲಕ್ಷ್ಮಣಪುರದ ಕಲ್ಲಿನ ಸಹಜ ಸೇತುವೆಗೆ ಮಾತ್ರ ಅಮ್ಮನನ್ನು ಕರೆದೊಯ್ಯಬೇಡಿ, ಪಾಚಿಗಲ್ಲುಗಳ ಮೇಲೆ ನಡೆಯಬೇಕು.

ಇನ್ನೊಂದು ವಿಷಯ. ಗಡಿಯಾರ ನಮ್ಮದೇ ಆದರೂ ದ್ವೀಪ ಬೆಂಗಳೂರಿಗಿಂತ 15 ಡಿಗ್ರಿ ಪೂರ್ವಕ್ಕಿದೆ. ಫೆಬ್ರುವರಿಯಲ್ಲೂ ಸಂಜೆ ಐದೂವರೆ ಸುಮಾರಿಗೆ ಸೂರ್ಯ ಮುಳುಗುತ್ತಾನೆ. ಮಧ್ಯಾಹ್ನದ ನಿದ್ದೆ ಉದ್ದವಾದರೆ ಸೂರ್ಯಾಸ್ತ ತಪ್ಪಿತು.

ಕುಂದಾಪುರದಿಂದ: ನೀಲ್ ಸರಿ, ಆದರೆ ಹ್ಯಾವ್‌ಲಾಕ್ ದ್ವೀಪವನ್ನು ಪೂರ್ತಿ ಬಿಡಬೇಡಿ. ಅಲ್ಲಿನ ರಾಧಾನಗರ ಬೀಚ್‌ನ ಮರಳು ನಮ್ಮ ಕಡಲತೀರದಲ್ಲಿ ಬೆಳೆದ ನನ್ನನ್ನೂ ಸುಮ್ಮನಾಗಿಸಿತು. ತೀರದ ಹಿಂದೆಯೇ ಎತ್ತರದ ಮರಗಳ ಕಾಡು, ನೆರಳಿಗೆ ಕೊರತೆಯಿಲ್ಲ. ಮಧ್ಯಾಹ್ನವೇ ಹೋಗಿ ಜಾಗ ಹಿಡಿಯಿರಿ. ಎಲಿಫೆಂಟ್ ಬೀಚ್‌ಗೆ ಹೋಗಲೇಬೇಕೆಂದು ಒತ್ತಾಯಿಸುತ್ತಾರೆ, ನೀರಿಗಿಳಿಯದವರಿಗೆ ಅಲ್ಲಿ ಕೆಲಸವಿಲ್ಲ. ಊಟದ ಚಿಂತೆ ಬೇಡ. ಎರಡೂ ದ್ವೀಪಗಳಲ್ಲಿ ಬಂಗಾಳಿ ಕುಟುಂಬಗಳೇ ಹೆಚ್ಚು. ಮೀನು, ಅನ್ನ, ಬೇಳೆ ಸಾರು ಎಲ್ಲೆಡೆ ಸಿಗುತ್ತದೆ.

ಮೈಸೂರಿನಿಂದ: ಕೊನೆಯ ರಾತ್ರಿ ಪೋರ್ಟ್ ಬ್ಲೇರ್‌ನಲ್ಲೇ ಇರಲಿ (ಈಗ ಶ್ರೀ ವಿಜಯಪುರಂ). ಹವಾಮಾನ ಕೆಟ್ಟರೆ ಹಡಗು ರದ್ದಾಗುತ್ತದೆ, ವಿಮಾನ ನಿಮಗಾಗಿ ಕಾಯುವುದಿಲ್ಲ. ಸೆಲ್ಯುಲಾರ್ ಜೈಲು ಯಾವ ದಿನ ತೆರೆದಿರುತ್ತದೆ ಎಂದು ಮೊದಲೇ ನೋಡಿಕೊಳ್ಳಿ. ಹಡಗಿನಲ್ಲಿ ಹೊಟ್ಟೆ ತೊಳಸದಂತೆ ಕೆಳಗಿನ ಅಂತಸ್ತಿನ ನಡುವಿನ ಆಸನ ಕೇಳಿ. ನಗದು ಇಟ್ಟುಕೊಳ್ಳಿ. ತೀರದಲ್ಲಿ ಬಿದ್ದ ಹವಳ, ಚಿಪ್ಪು ಮಕ್ಕಳು ಚೀಲಕ್ಕೆ ಹಾಕಿಕೊಂಡಿದ್ದರೆ ಅಲ್ಲೇ ಬಿಟ್ಟು ಬನ್ನಿ. ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಸಿಕ್ಕಿಬೀಳುತ್ತೀರಿ.