ಹೊಸಬರು ಸಭೆಯಲ್ಲಿ ಉಳಿಯಲು ಏನು ಮಾಡಬೇಕು? ಕೊಡಗಿನವರ ಅನುಭವ

ಸಿದ್ದಾಪುರ ಕಡೆಯ ಒಂದು ಸಣ್ಣ ಕ್ರೈಸ್ತ ಸಭೆಯವರು (ಚರ್ಚಿನವರು) ಕೇಳಿದ್ದು: ನಮ್ಮಲ್ಲಿಗೆ ಹೊಸಬರು ಬರುತ್ತಾರೆ. ಎರಡು ಮೂರು ಭಾನುವಾರ ಕಾಣಿಸುತ್ತಾರೆ, ಆಮೇಲೆ ಇಲ್ಲ. ಹೆಚ್ಚಿನವರು ತೋಟದ ಕೆಲಸಕ್ಕೆ ಬಂದವರು, ಇಲ್ಲವೇ ವರ್ಗವಾಗಿ ಬಂದ ಟೀಚರ್, ನರ್ಸ್‌ಗಳು. ಬಾಗಿಲಲ್ಲಿ ಕೈ ಮುಗಿದು ಬರಮಾಡಿಕೊಳ್ಳುತ್ತೇವೆ. ಇನ್ನೇನು ಮಾಡಬಹುದು?

ಮಡಿಕೇರಿಯಿಂದ:
ಬಾಗಿಲ ಸ್ವಾಗತ ಎಲ್ಲ ಕಡೆ ಚೆನ್ನಾಗಿಯೇ ಇರುತ್ತದೆ. ಆರಾಧನೆ ಮುಗಿದ ಮೇಲಿನ ಹತ್ತು ನಿಮಿಷ ಗಮನಿಸಿ. ಹಳಬರು ಗುಂಪು ಕಟ್ಟಿಕೊಂಡು ಕಾಳುಮೆಣಸಿನ ರೇಟು, ಮಳೆ, ಯಾರದೋ ಮದುವೆ ಅಂತ ಮಾತಿಗೆ ನಿಲ್ಲುತ್ತಾರೆ. ಹೊಸಬರು ಒಂದು ಸಲ ಸುತ್ತ ನೋಡಿ, ಕೊಡೆ ಬಿಚ್ಚಿ ಹೊರಟುಬಿಡುತ್ತಾರೆ. ಅವರು ವಾಪಸ್ ಬರುತ್ತಾರೋ ಇಲ್ಲವೋ ಅನ್ನುವುದು ಅಲ್ಲೇ ತೀರ್ಮಾನವಾಗುತ್ತದೆ.

ನಮ್ಮ ಸ್ತ್ರೀಯರ ಕೂಟದವರು ಚಹಾದ ಮೇಜನ್ನು ಹಿಂದಿನ ಕೋಣೆಯಿಂದ ಮುಂಬಾಗಿಲ ಪಕ್ಕಕ್ಕೆ ತಂದರು. ಈಗ ಹೊರಗೆ ಹೋಗುವವರೆಲ್ಲ ಅದನ್ನು ದಾಟಿಯೇ ಹೋಗಬೇಕು. ಒಂದು ಲೋಟ ಚಹಾ ಕೈಗೆ ಬಂದರೆ ಯಾರೂ ಕೂಡಲೇ ಓಡುವುದಿಲ್ಲ ಅಲ್ವಾ? ಅಲ್ಲಿ ಪರಿಚಯವಾದ ಮನೆಯವರೇ ಮುಂದಿನ ಭಾನುವಾರವೂ ಅವರನ್ನು ಹುಡುಕಿ ಮಾತಾಡಿಸಬೇಕು, ಹೆಸರು ಹಿಡಿದು. ವಾರದ ಮಧ್ಯೆ ಒಂದು ಫೋನ್ ಮಾಡಿದರೆ ಇನ್ನೂ ಒಳ್ಳೆಯದು. ವಾರಕ್ಕೊಬ್ಬರಂತೆ ಬೇರೆ ಬೇರೆಯವರು ಬಂದು ಕೈ ಕುಲುಕಿದರೆ ಏನೂ ಉಪಯೋಗವಿಲ್ಲ.

ಪ್ರಕಟಣೆ ಹೊತ್ತಲ್ಲಿ ಹೊಸಬರನ್ನು ಎಬ್ಬಿಸಿ ನಿಲ್ಲಿಸಿ ಪರಿಚಯ ಮಾಡಿಸುವುದನ್ನು ದಯವಿಟ್ಟು ಬಿಡಿ. ನಾಚಿಕೆ ಸ್ವಭಾವದವರಿಗೆ ಅದು ಶಿಕ್ಷೆ. ಯಾವ ಕುಟುಂಬ, ಹಳೇ ಸಭೆ ಯಾಕೆ ಬಿಟ್ಟಿರಿ ಅನ್ನುವ ಪ್ರಶ್ನೆಗಳೂ ಮೊದಲ ದಿನ ಬೇಡ. ಉಳಿದುಕೊಳ್ಳಲು ಮನೆ ಸಿಕ್ಕಿತಾ, ಮಕ್ಕಳಿಗೆ ಸ್ಕೂಲ್ ಆಯಿತಾ ಅಂತ ಕೇಳಿ.

ಅಮ್ಮತ್ತಿಯಿಂದ:
ತೋಟದವರ ವಿಷಯ ಸ್ವಲ್ಪ ಬೇರೆ. ಲೈನ್ ಮನೆಯಿಂದ (ತೋಟದ ಕೆಲಸಗಾರರ ಸಾಲು ಮನೆ) ಬಂದವರು ಯಾರೂ ಹೇಳದಿದ್ದರೂ ಕೊನೆಯ ಬೆಂಚಲ್ಲೇ ಕೂರುತ್ತಾರೆ. ಮುಂದಿನ ಸಾಲು ಮಾಲೀಕರ ಮನೆಯವರದು ಅನ್ನುವುದು ಇನ್ನೂ ಹೋಗಿಲ್ಲ. ಚಿನ್ನದ ಉಂಗುರ ಹಾಕಿದವನಿಗೆ ಒಳ್ಳೆಯ ಜಾಗ, ಬಡವನಿಗೆ ನಿಂತುಕೋ ಅನ್ನುವುದು ತಪ್ಪು ಅಂತ ಬೈಬಲಿನ ಯಾಕೋಬನ ಪತ್ರಿಕೆಯ 2ನೇ ಅಧ್ಯಾಯದಲ್ಲಿ ನೇರವಾಗಿ ಬರೆದಿದೆ. ನಮ್ಮಲ್ಲಿ ಹಿರಿಯರೇ ಹೋಗಿ ಅವರ ಪಕ್ಕ ಕೂರಲು ಶುರು ಮಾಡಿದರು. ಭಾಷಣ ಮಾಡಿದ್ದಕ್ಕಿಂತ ಅದು ಜಾಸ್ತಿ ಕೆಲಸ ಮಾಡಿತು.

ಭಾಷೆಯೂ ಮುಖ್ಯ. ಜಾರ್ಖಂಡ್, ಅಸ್ಸಾಂ ಕಡೆಯವರಲ್ಲಿ ಕ್ರೈಸ್ತರಿದ್ದಾರೆ, ಕನ್ನಡ ಬರುವುದಿಲ್ಲ. ಪಾದ್ರಿಯ ಪ್ರಸಂಗವನ್ನೆಲ್ಲ ಅನುವಾದ ಮಾಡಲು ಆಗದು, ನಿಜ. ಆದರೆ ಅವತ್ತಿನ ಬೈಬಲ್ ವಾಕ್ಯವನ್ನು ಅವರಲ್ಲೇ ಒಬ್ಬರಿಂದ ಹಿಂದಿಯಲ್ಲಿ ಓದಿಸಬಹುದು, ತಿಂಗಳಿಗೊಂದು ಅವರ ಹಾಡು ಹಾಡಿಸಬಹುದು. ನಮ್ಮಲ್ಲಿ ಮೊದಲ ಸಲ ಹಾಗೆ ಓದಿದ ಹುಡುಗನ ಕೈ ನಡುಗುತ್ತಿತ್ತು. ಹಿಂದಿನ ಬೆಂಚಿನವರೆಲ್ಲ ಕತ್ತೆತ್ತಿ ಕೇಳಿದರು.

ವಿರಾಜಪೇಟೆಯಿಂದ:
ಇಲ್ಲಿನ ಸಂತ ಅನ್ನಮ್ಮ ಚರ್ಚ್ ಶುರುವಾದದ್ದು 1792ರಲ್ಲಿ. ಟಿಪ್ಪುವಿನ ಸೆರೆಯಿಂದ ತಪ್ಪಿಸಿಕೊಂಡು ಬಂದ ಕ್ರೈಸ್ತರಿಗೆ ಕೊಡಗಿನ ರಾಜ ದೊಡ್ಡ ವೀರರಾಜೇಂದ್ರ ಇಲ್ಲಿ ನೆಲೆ ಕೊಟ್ಟ. ನಮ್ಮ ಹಿರಿಯರೂ ಒಂದು ಕಾಲದಲ್ಲಿ ಹೊಸಬರೇ. ಇದನ್ನು ಸಂಡೇ ಸ್ಕೂಲ್ ಮಕ್ಕಳಿಗೂ ಹೇಳುತ್ತೇವೆ.

ನನ್ನ ಸಲಹೆ ಒಂದೇ: ಬೇಗ ಏನಾದರೂ ಕೆಲಸ ಕೊಡಿ. ಬೆಂಚು ಸರಿಸುವುದು, ಹೂ ಜೋಡಿಸುವುದು, ಕ್ರಿಸ್‌ಮಸ್ ಗೋದಲಿ ಕಟ್ಟುವುದು. ಬರೀ ಅತಿಥಿಯಾಗಿ ಎಷ್ಟು ದಿನ ಬಂದಾರು?

ಮಡಿಕೇರಿಯಿಂದ ಮತ್ತೆ:
ಒಂದು ಮರೆತಿದ್ದೆ. ಕಾಫಿ ಕೊಯ್ಲಿನ ತಿಂಗಳುಗಳಲ್ಲಿ ತೋಟದವರಿಗೆ ಭಾನುವಾರವೂ ಕೆಲಸ ಇರುತ್ತದೆ, ಅವರು ಬಿಟ್ಟುಹೋದರು ಅಂದುಕೊಳ್ಳಬೇಡಿ. ಆಗ ಸಂಜೆ ಒಂದು ಚಿಕ್ಕ ಆರಾಧನೆ ಇಡಿ. ಸಮಯ ಇಡುವ ಮೊದಲು ಆ ತೋಟದ ಕಡೆ ಹೋಗುವ ಕೊನೆ ಬಸ್ ಎಷ್ಟಕ್ಕೆ ಅಂತ ಅವರನ್ನೇ ಕೇಳಿ.